ಗೂಟಕ್ಕೆ ತೂಗಿದ ಟೊಪ್ಪಿಗೆ

ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲ. ಅದಕ್ಕೇ ಕೇಳುಗರು ಅಡಿಗೆಮನೆಯಿಂದ ಒಂದು ಸ್ಟೀಲಿನ ಬೋಗುಣಿ ತಂದು ಎದುರಿಗೆ ಬೋರಲು ಹಾಕಿಕೊಂಡರೆ ಇಂದಿನ ಮಾತಿನ ಅರ್ಧ ಕೆಲಸ ಮುಗಿದಂತೆ. ಮನೆಯಲ್ಲಿ ಎನ್.ಸಿ.ಸಿ.ಗೆ ಹೋಗುವ ಮಗನದೋ ಮಗಳದೋ ಟೊಪ್ಪಿಗೆ ಇದ್ದರೆ ಅದೂ ಪಕ್ಕಕ್ಕೆ ಬರಲಿ. ಉಳಿದರ್ಧ ಕೆಲಸ ಒಂದು 2ಬಿ ಪೆನ್ಸಿಲು ಮತ್ತು ಒಂದು ಬಿಳಿ ಹಾಳೆಯದು.

ಟೊಪ್ಪಿಗೆಯ ಮಾತು ಒಂದು ಊರಿನಿಂದ ಶುರುವಾಗಲಿ. ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನ ಯಳವತ್ತಿ ಎರೆಹೊಲದ ಸೀಮೆಯ ಊರು. ಈ ಸೀಮೆಯಲ್ಲಿ ತಲೆಯ ಮೇಲೆ ಏನಿದೆ ಎಂಬುದಕ್ಕೆ ಮೊದಲಿನಿಂದಲೂ ಒಂದು ಲೆಕ್ಕವಿದೆ. ಹಿರಿಯರ ತಲೆಗೆ ಪಟಕಾ, ಇಲ್ಲವೆ ಬಿಳಿಯ ಗಾಂಧಿ ಟೊಪ್ಪಿಗೆ; ಮದುಮಗನ ಹಣೆಗೆ ಬಾಸಿಂಗ; ಬಿಸಿಲಲ್ಲಿ ಹೊಲಕ್ಕೆ ಹೋದವರಿಗೆ ತಲೆಗೆ ಸುತ್ತಿದ ಟವೆಲ್ಲು. ಇವುಗಳ ಸಾಲಿಗೆ ಸೇರುವ ಇನ್ನೊಂದು, ಸೈನ್ಯದಿಂದ ನಿವೃತ್ತನಾಗಿ ಬಂದವನ ಟೊಪ್ಪಿಗೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಾಗೆ ಬಂದವನಿಗೆ ಹಾರ ಹಾಕಿ, ತೆರೆದ ಜೀಪಿನಲ್ಲೋ ಟ್ರ್ಯಾಕ್ಟರಿನಲ್ಲೋ ನಿಲ್ಲಿಸಿ, ಡೊಳ್ಳು ಬಾರಿಸುತ್ತ ಮೆರವಣಿಗೆ ಮಾಡುವ ರೂಢಿಯಿದೆ. ಮರುದಿನ ಆ ಟೊಪ್ಪಿಗೆ ಪಡಸಾಲೆಯ ಗೂಟಕ್ಕೇರುತ್ತದೆ. ಡ್ರಾಯಿಂಗ್ ಮಾಸ್ತರರ ಕಣ್ಣಿಗೆ ಅದು ಒಳ್ಳೆಯ ‘ವಸ್ತು’ ಆಗುವುದು ಅಂದಿನಿಂದ.

ಜಡವಸ್ತುಗಳನ್ನು ಎದುರಿಗಿಟ್ಟು ನೋಡಿ ತೆಗೆಯುವ ಚಿತ್ರಕ್ಕೆ ವಸ್ತುಚಿತ್ರ, ಸ್ಥಿರಚಿತ್ರ ಎಂಬ ಹೆಸರುಗಳಿವೆ. ಕಲಾಶಾಲೆಯ ಹುಡುಗರ ಬಾಯಲ್ಲಿ ಅದು ‘ಸ್ಟಿಲ್ ಲೈಫ್’. ಲೋವರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂತವರಿಗೆ ಆ ಸ್ಟೂಲಿನ ಮೇಲಿನ ಸಾಮಾನು ನೆನಪಿರುತ್ತದೆ: ಒಂದು ಕೊಡ, ಒಂದು ತಂಬಿಗೆ, ಎರಡು ಬದನೆಕಾಯಿ, ಹಿಂದೆ ಇಳಿಬಿಟ್ಟ ಬಟ್ಟೆ. ಈ ಪದ್ಧತಿ ಇಲ್ಲಿಗೆ ಬಂದದ್ದು ಮುಂಬೈ ಕಡೆಯಿಂದ. 1956ರ ವರೆಗೆ ಗದಗ ಮುಂಬೈ ಆಡಳಿತದ ಧಾರವಾಡ ಜಿಲ್ಲೆಯ ಊರು. ಅದರಾಚೆ, ಸ್ವಾತಂತ್ರ್ಯದ ಮುಂಚೆ, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಒಡೆಯರು ಬೇರೆಬೇರೆಯಾದರೂ ಚಿತ್ರ ಕಲಿಯಬೇಕೆಂದವರ ದಾರಿ ಒಂದೇ ಆಗಿತ್ತು. ಅದು 1857ರಲ್ಲಿ ಶುರುವಾದ ಮುಂಬೈಯ ಜೆ.ಜೆ. ಕಲಾಶಾಲೆಗೆ ಹೋಗುತ್ತಿತ್ತು. ಆ ದಾರಿಯಲ್ಲಿ ಹೋಗಿಬಂದ ಡಿ.ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ತಮ್ಮ ಕಲಾಶಾಲೆ ತೆರೆದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾ ಮಂದಿರ ಕಟ್ಟಿದರು. ಆಮೇಲೆ ಈ ಭಾಗದ ಹುಡುಗರಿಗೆ ಸ್ಟೂಲು, ಬಟ್ಟೆ, ತಂಬಿಗೆ ಎಲ್ಲವೂ ಬಸ್ಸಿನ ದೂರದಲ್ಲೇ ಸಿಕ್ಕವು.

ಆ ಸ್ಟೂಲಿನ ಮೇಲೆ ತಂಬಿಗೆಯ ಜಾಗದಲ್ಲಿ ಸೈನಿಕನ ಟೊಪ್ಪಿಗೆ ಇಟ್ಟರೆ ಏನಾಗುತ್ತದೆ?

ಮೊದಲು ಆಗುವುದು ಒಂದು ತಪ್ಪು. ಹುಡುಗರು ಟೊಪ್ಪಿಗೆ ಬಿಟ್ಟು ಬಿಲ್ಲೆಯಿಂದ ಶುರುಮಾಡುತ್ತಾರೆ. ಹಿತ್ತಾಳೆಯ ಬಿಲ್ಲೆಯಲ್ಲಿ ಸಿಂಹವಿದೆ, ಕತ್ತಿಯಿದೆ, ಅಕ್ಷರವಿದೆ; ಕಣ್ಣು ಅಲ್ಲೇ ನಿಲ್ಲುತ್ತದೆ. ಅರ್ಧ ತಾಸಿಗೆ ಹಾಳೆಯ ನಡುವೆ ಅಚ್ಚುಕಟ್ಟಾದ ಬಿಲ್ಲೆಯೊಂದು ಮೂಡಿರುತ್ತದೆ, ಅದರ ಸುತ್ತ ಟೊಪ್ಪಿಗೆಗೆ ಜಾಗವೇ ಉಳಿದಿರುವುದಿಲ್ಲ. ಬೋಗುಣಿ ಬೇಕಾಗುವುದು ಇಲ್ಲಿ. ಬೋರಲು ಬಿದ್ದ ಬೋಗುಣಿಯ ಅಂಚು ದುಂಡಗಿದೆ ಎಂದು ಕೈಗೆ ಗೊತ್ತು. ಕಣ್ಣಿಗೆ ಕಾಣುವುದು ಮಾತ್ರ ಒತ್ತಿದ ದುಂಡು, ದೀರ್ಘವೃತ್ತ. ಬೋಗುಣಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಅಂಚು ಬರೀ ಗೆರೆಯಾಗುತ್ತದೆ. ಕೆಳಗಿಳಿಸಿದಷ್ಟೂ ಬಾಯಿ ಬಿಡುತ್ತ ಬರುತ್ತದೆ. ಹೊಸಬರು ಈ ದೀರ್ಘವೃತ್ತದ ಎರಡು ತುದಿಗಳನ್ನು ಮೀನಿನ ಬಾಲದಂತೆ ಚೂಪು ಮಾಡುತ್ತಾರೆ. ಅನುಭವಿಗಳು ಕಾಣದ ಹಿಂಭಾಗವನ್ನೂ ತೆಳುವಾಗಿ ತೆಗೆದು, ಸುತ್ತು ಪೂರ್ತಿ ಮಾಡಿ, ಆಮೇಲೆ ಅಳಿಸುತ್ತಾರೆ. ಅಷ್ಟಾದರೆ ಉಕ್ಕಿನ ಶಿರಸ್ತ್ರಾಣದ ಮುಕ್ಕಾಲು ಪಾಲು ಹಾಳೆಯ ಮೇಲೆ ಬಂದಂತೆಯೇ.

ಬೋಗುಣಿಗೂ ಶಿರಸ್ತ್ರಾಣಕ್ಕೂ ಇರುವ ನಂಟು ಚಿತ್ರಶಾಲೆಯಲ್ಲಿ ಹುಟ್ಟಿದ್ದಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಯುರೋಪಿನ ದೊಡ್ಡ ಸೈನ್ಯಗಳ ಸಾಮಾನ್ಯ ಕಾಲಾಳುಗಳು ಬಟ್ಟೆಯ, ಚರ್ಮದ ಟೊಪ್ಪಿಗೆಯಲ್ಲೇ ಹೋರಾಟಕ್ಕಿಳಿದರು. ಆಕಾಶದಲ್ಲಿ ಸಿಡಿದು ತಲೆಯ ಮೇಲೆ ಸುರಿಯುವ ಗುಂಡಿನ ಚೂರುಗಳಿಗೆ ಅದು ಯಾವ ಲೆಕ್ಕ? ಗಾಯಗೊಂಡ ಫ್ರೆಂಚ್ ಸಿಪಾಯಿಯೊಬ್ಬ ಊಟದ ಲೋಹದ ಬಟ್ಟಲನ್ನು ಟೊಪ್ಪಿಗೆಯೊಳಗೆ ಇಟ್ಟುಕೊಂಡಿದ್ದರಿಂದ ಬದುಕಿದನಂತೆ, ಅದನ್ನು ಕೇಳಿದ ಅಧಿಕಾರಿ ಆಗಸ್ಟ್ ಲೂಯಿ ಏಡ್ರಿಯನ್‌ಗೆ ಹೊಸ ಶಿರಸ್ತ್ರಾಣದ ಯೋಚನೆ ಹೊಳೆಯಿತಂತೆ ಎಂಬ ಕಥೆ ಪ್ರಸಿದ್ಧವಾಗಿದೆ. ಕಥೆ ಹೇಗೇ ಇರಲಿ, ಏಡ್ರಿಯನ್ ಶಿರಸ್ತ್ರಾಣ 1915ರಲ್ಲಿ ಫ್ರೆಂಚರ ತಲೆಗೇರಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಜಾನ್ ಬ್ರೋಡಿ ಒಂದೇ ಉಕ್ಕಿನ ತಗಡನ್ನು ಒತ್ತಿ, ಅಗಲ ಅಂಚಿನ, ಬೋರಲು ಹಾಕಿದ ತಾಟಿನಂಥ ಶಿರಸ್ತ್ರಾಣ ಮಾಡಿದ. 1916ರಲ್ಲಿ ಜರ್ಮನರದು ಬಂತು. ಅದು ಕಿವಿಯನ್ನೂ ಕುತ್ತಿಗೆಯ ಹಿಂಭಾಗವನ್ನೂ ಮುಚ್ಚುತ್ತಿತ್ತು. ತಲೆ ಉಳಿಸುವ ಗರಜು ಮೂವರಿಗೂ ಒಂದೇ, ಹೊರಗೆರೆ ಮಾತ್ರ ಮೂರು ಬಗೆ. ಫ್ರೆಂಚರದಕ್ಕೆ ನೆತ್ತಿಯ ಮೇಲೆ ಹುಂಜದ ಜುಟ್ಟಿನಂಥ ಏಣು, ಬ್ರಿಟಿಷರದು ತಾಟು, ಜರ್ಮನರದು ಕಲ್ಲಿದ್ದಲು ತುಂಬುವ ಬುಟ್ಟಿ. ಒಳಗೆ ಒಂದೂ ಗೆರೆ ತುಂಬದೆ ಬರೀ ಹೊರಗೆರೆ ತೆಗೆದರೂ ನೋಡಿದವರು ದೇಶದ ಹೆಸರು ಹೇಳಬಲ್ಲರು. ಹೊರಗೆರೆಯ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಕಡಿಮೆ.

ಅಮೆರಿಕದವರು ಶಿರಸ್ತ್ರಾಣದ ಕೆಲಸಕ್ಕೆ ಹಿಡಿದದ್ದು ಒಂದು ವಸ್ತುಸಂಗ್ರಹಾಲಯವನ್ನು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಹಳೆಯ ಆಯುಧ, ಕವಚಗಳ ವಿಭಾಗ ನೋಡಿಕೊಳ್ಳುತ್ತಿದ್ದ ಬ್ಯಾಷ್‌ಫರ್ಡ್ ಡೀನ್ ಎಂಬ ವಿದ್ವಾಂಸನಿಗೆ ಸೈನ್ಯಕ್ಕೆ ಹೊಸ ಶಿರಸ್ತ್ರಾಣದ ಮಾದರಿಗಳನ್ನು ರೂಪಿಸುವ ಕೆಲಸ ಬಂತು. ಗಾಜಿನ ಕಪಾಟಿನಲ್ಲಿದ್ದ ನೂರಾರು ವರ್ಷದ ಹಳೆಯ ಶಿರಸ್ತ್ರಾಣಗಳ ಬಾಗು, ಇಳಿಜಾರು ನೋಡಿ, ಪೆಟ್ಟು ಎಲ್ಲಿ ಜಾರುತ್ತದೆ ಎಂದು ಲೆಕ್ಕಹಾಕಿ ಅವನು ಹೊಸವನ್ನು ಮಾಡಿಸಿದ. ಮುಂದೆ ಎರಡನೆಯ ಮಹಾಯುದ್ಧದ ಅಮೆರಿಕನ್ ಸಿಪಾಯಿ ತನ್ನ ಶಿರಸ್ತ್ರಾಣದ ಉಕ್ಕಿನ ಕವಚವನ್ನು ಕಳಚಿ, ಅದರಲ್ಲೇ ನೀರು ತುಂಬಿ ಮುಖ ತೊಳೆದ, ಗಡ್ಡ ಕೆರೆದ. ಬೋಗುಣಿ ಮತ್ತೆ ಬೋಗುಣಿಯಾಯಿತು. ಇದನ್ನೆಲ್ಲ ಮುನ್ನೂರು ವರ್ಷ ಮುಂಚೆಯೇ ತಿರುವು ಹಾಕಿ ನಕ್ಕವನು ಸ್ಪೇನಿನ ಸೆರ್ವಾಂಟೆಸ್: 1605ರಲ್ಲಿ ಅಚ್ಚಾದ ಅವನ ‘ಡಾನ್ ಕಿಹೋಟೆ’ಯ ನಾಯಕ ಕ್ಷೌರಿಕನ ಹಿತ್ತಾಳೆ ಬೋಗುಣಿಯನ್ನೇ ಮಾಯದ ಶಿರಸ್ತ್ರಾಣವೆಂದು ನಂಬಿ ತಲೆಗಿಟ್ಟುಕೊಳ್ಳುತ್ತಾನೆ.

ಉಕ್ಕಿನದು ಸುಲಭ, ಬಟ್ಟೆಯದು ಕಷ್ಟ. ಬೆರೆಟ್ ಎಂಬ ಉಣ್ಣೆಯ ಟೊಪ್ಪಿಗೆಗೆ ತನ್ನದೇ ಆಕಾರವಿಲ್ಲ. ಬ್ರಿಟನ್ನಿನ ಟ್ಯಾಂಕ್ ಪಡೆ 1924ರಲ್ಲಿ ಕಪ್ಪು ಬೆರೆಟನ್ನು ಅಧಿಕೃತವಾಗಿ ತೊಟ್ಟಿತು. ಇಕ್ಕಟ್ಟಾದ ಟ್ಯಾಂಕಿನೊಳಗೆ ಅಂಚಿದ್ದ ಟೊಪ್ಪಿಗೆ ಅಡ್ಡಬರುತ್ತಿತ್ತು, ಕಪ್ಪು ಬಣ್ಣದಲ್ಲಿ ಎಣ್ಣೆಯ ಕಲೆ ಕಾಣುತ್ತಿರಲಿಲ್ಲ. ಭಾರತದ ಸೈನ್ಯದಲ್ಲೂ ಟ್ಯಾಂಕ್ ಪಡೆಯವರದು ಕಪ್ಪೇ. ಕಾಲಾಳು ಪಡೆಗಳದು ಕಡುಹಸಿರು, ಪ್ಯಾರಾಶೂಟ್ ರೆಜಿಮೆಂಟಿನದು ಕಂದುಗೆಂಪು, ಮಿಲಿಟರಿ ಪೊಲೀಸರದು ಕೆಂಪು. ಇವುಗಳನ್ನು ನೋಡಲು ಕನ್ನಡ ನಾಡು ಬಿಟ್ಟು ಹೋಗಬೇಕಾಗಿಲ್ಲ: ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಬೆಳಗಾವಿಯಲ್ಲಿದೆ, ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ಹಳ್ಳಿಯ ಹುಡುಗರ ಕೈಗೆ ಎಟುಕುವುದಂತೂ ಕಾಲೇಜಿನ ಎನ್.ಸಿ.ಸಿ. ಬೆರೆಟ್, ಅದರ ಬಿಲ್ಲೆಯ ಹಿಂದೆ ನಿಲ್ಲುವ ಕೆಂಪು ಗರಿಗುಚ್ಛಕ್ಕೆ ಹ್ಯಾಕಲ್ ಎನ್ನುತ್ತಾರೆ.

ಬೆರೆಟನ್ನು ಸುಮ್ಮನೆ ಸ್ಟೂಲಿನ ಮೇಲೆ ಎಸೆದರೆ ಹಿಟ್ಟಿನ ಮುದ್ದೆಯಂತೆ ಕಾಣುತ್ತದೆ. ಅದನ್ನು ತೊಡುವ ಕ್ರಮ ಗೊತ್ತಿದ್ದರೆ ಮಾತ್ರ ತೆಗೆಯುವ ಕ್ರಮ ಗೊತ್ತಾಗುತ್ತದೆ. ಚರ್ಮದ ಪಟ್ಟಿ ಹಣೆಗೆ ಸುತ್ತಲೂ ಸಮನಾಗಿ ಕೂರಬೇಕು. ಬಿಲ್ಲೆ ಎಡಗಣ್ಣಿನ ನೇರಕ್ಕೆ ಬರಬೇಕು. ಉಳಿದ ಬಟ್ಟೆಯನ್ನೆಲ್ಲ ಬಲಕ್ಕೆ ಎಳೆದು ಕಿವಿಯ ಕಡೆ ಇಳಿಬಿಡಬೇಕು. ಹೊಸ ಕೆಡೆಟ್‌ಗಳು ಬೆರೆಟನ್ನು ನೀರಲ್ಲಿ ನೆನೆಸಿ, ತಲೆಯ ಮೇಲೆಯೇ ಒಣಗಿಸಿ ಈ ಇಳಿಜಾರನ್ನು ಅದಕ್ಕೆ ಕಲಿಸುತ್ತಾರೆ. ಅಂದರೆ ಹಳೆಯ ಬೆರೆಟಿನ ಆಕಾರ ಅದನ್ನು ತೊಟ್ಟವರ ತಲೆಯ ಆಕಾರ. ತಲೆ ಎದುರಿಗಿಲ್ಲ, ಅದರ ಅಚ್ಚು ಇದೆ. ಚಿತ್ರ ತೆಗೆಯುವವರು ನೋಡುತ್ತಿರುವುದು ಅದನ್ನು.

ಪೆನ್ಸಿಲಿನಲ್ಲಿ ತೆಗೆಯುವವರಿಗೆ ಇನ್ನೊಂದು ಪೇಚಿದೆ. ಕಡುಹಸಿರು ಬೆರೆಟೂ ಕಂದುಗೆಂಪು ಬೆರೆಟೂ ಪೆನ್ಸಿಲಿಗೆ ಹೆಚ್ಚುಕಡಿಮೆ ಒಂದೇ ಬೂದು. ಯಾವ ಸಿಪಾಯಿ ತನ್ನ ಬೆರೆಟಿನ ಬಣ್ಣಕ್ಕಾಗಿ ತಿಂಗಳುಗಟ್ಟಲೆ ಬೆವರು ಸುರಿಸಿದ್ದಾನೋ ಅವನಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಆದರೆ ಕಣ್ಣನ್ನು ಅರೆಮುಚ್ಚಿ ನೋಡಿದರೆ ಬಣ್ಣ ಹಿಂದೆ ಸರಿದು ಬೆಳಕು ನೆರಳು ಮಾತ್ರ ಉಳಿಯುತ್ತವೆ. ಉಣ್ಣೆಗೆ ಹೊಳಪಿಲ್ಲ, ಆದ್ದರಿಂದ 4ಬಿಯನ್ನು ಓರೆಯಾಗಿ ಹಿಡಿದು ಮೆತ್ತಗೆ ಉಜ್ಜಬೇಕು. ಚರ್ಮದ ಪಟ್ಟಿಗೆ ಮಂಕು ಹೊಳಪಿದೆ. ಹಿತ್ತಾಳೆಯ ಬಿಲ್ಲೆಗೆ ಕಣ್ಣು ಕುಕ್ಕುವ ಹೊಳಪು. ಅಲ್ಲಿ ಏನೂ ತೆಗೆಯದೆ ಹಾಳೆಯ ಬಿಳುಪನ್ನೇ ಉಳಿಸಿ, ಪಕ್ಕಕ್ಕೆ ಕಪ್ಪು ತರಬೇಕು. ಸಿಂಹದ ಮೀಸೆ ಎಣಿಸಿ ತೆಗೆಯುವ ಗರಜಿಲ್ಲ. ಕನ್ನಡದಲ್ಲಿ ‘ಟೋಪಿ ಹಾಕುವುದು’ ಎಂದರೆ ಮೋಸ. ಇಲ್ಲಿ ಮಾತ್ರ ನೋಡುಗರ ಕಣ್ಣಿಗೆ ಟೋಪಿ ಹಾಕಿದವರೇ ಗೆದ್ದವರು.

ಬೆಂಗಳೂರಿನ ಹಲಸೂರು ಕೆರೆಯ ಬದಿಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಿದೆ. 1780ರಲ್ಲಿ ಹುಟ್ಟಿದ ಈ ಪಡೆಯ ಯೋಧರಿಗೆ ‘ತಂಬಿ’ ಎಂದು ಹೆಸರು, ಅವರ ಟೊಪ್ಪಿಗೆಗೆ ‘ದೂಪ್ತಾ’ ಎಂದು ಹೆಸರು. ಹಳೆಯ ಯುರೋಪಿನ ಶಾಕೋ ಟೊಪ್ಪಿಗೆಯನ್ನು ಹೋಲುವ, ಎದ್ದು ನಿಂತ ಆಕಾರ ಅದರದು. ಬೋಗುಣಿಯ ಪಾಠ ಮುಗಿಸಿದವರಿಗೆ ಇದು ಡಬ್ಬಿಯ ಪಾಠ: ಮೇಲೊಂದು ದೀರ್ಘವೃತ್ತ, ಕೆಳಗೊಂದು, ಕೆಳಗಿನದು ಕಣ್ಣಿನಿಂದ ದೂರವಾದ್ದರಿಂದ ಮೇಲಿನದಕ್ಕಿಂತ ತುಸು ಹೆಚ್ಚು ತೆರೆದದ್ದು. ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್‌ಗಳು ಬಹುಕಾಲ ತೊಟ್ಟ ಸ್ಲೋಚ್ ಹ್ಯಾಟು ಸೈನ್ಯದ ಮನೆತನದ್ದೇ. ಒಂದು ಮಗ್ಗುಲಿನ ಅಂಚು ಮೇಲಕ್ಕೆ ಮಡಿಸಿದ ಆ ಹ್ಯಾಟಿಗೆ ಬದಲಾಗಿ 2025ರಲ್ಲಿ ಸರ್ಕಾರ ಪೀಕ್ ಕ್ಯಾಪ್ ಕೊಟ್ಟಿತು. ಅಟ್ಟ ಸೇರಿದ ಹಳೆಯ ಹ್ಯಾಟು ಸಿಕ್ಕರೆ ಬಿಡಬಾರದು; ಒಂದೇ ಅಂಚು ಒಂದು ಕಡೆ ಮಲಗಿ, ಇನ್ನೊಂದು ಕಡೆ ಎದ್ದು ನಿಲ್ಲುವುದನ್ನು ತೆಗೆಯುವುದೇ ಒಂದು ವಾರದ ಕೆಲಸ.

ಬ್ರಿಟಿಷ್ ಕಾಲದ ಸೋಲಾ ಹ್ಯಾಟಿನ ಮಾತೂ ಇಲ್ಲಿ ಬರಬೇಕು. ಅದರ ‘ಸೋಲಾ’ಕ್ಕೂ ಸೂರ್ಯನಿಗೂ ಸಂಬಂಧವಿಲ್ಲ. ಶೋಲಾ ಎಂಬುದು ಜೌಗು ನೆಲದಲ್ಲಿ ಬೆಳೆಯುವ ಒಂದು ಗಿಡ. ಅದರ ಬಿಳಿಯ ಬೆಂಡನ್ನು ಹಾಳೆಹಾಳೆಯಾಗಿ ಕೊಯ್ದು, ಅಂಟಿಸಿ ಆ ಹ್ಯಾಟನ್ನು ಮಾಡುತ್ತಿದ್ದರು. ದಪ್ಪ ಹೆಚ್ಚು, ತೂಕ ಇಲ್ಲವೇ ಇಲ್ಲ. ನಮ್ಮ ಮದುವೆಯ ಬಾಸಿಂಗದ್ದೂ ಬೆಂಡಿನ ಕೆಲಸವೇ. ಸಾಹೇಬರ ತಲೆಯ ಮೇಲಿದ್ದದ್ದೂ ಮದುಮಗನ ಹಣೆಯ ಮೇಲಿದ್ದದ್ದೂ ಒಂದೇ ಬಗೆಯ ಸಾಮಾನು ಎಂಬುದು ಚಿತ್ರ ತೆಗೆಯುವವರಿಗೆ ಬೇಗ ತಿಳಿಯುತ್ತದೆ, ಏಕೆಂದರೆ ಎರಡರಲ್ಲೂ ಬೆಳಕು ಮಿಂಚುವುದಿಲ್ಲ, ಇಂಗುತ್ತದೆ.

ಈ ಸೀಮೆಯ ಹಳೆಯ ಸೈನಿಕರ ತಲೆ ಹೇಗಿತ್ತು? ಗದಗಿನ ಪಕ್ಕದ ಬೆಟಗೇರಿಯ ವೀರಗಲ್ಲುಗಳ ಮುಂದೆ ನಿಂತರೆ ಉತ್ತರದ ಒಂದು ಭಾಗ ಸಿಗುತ್ತದೆ. ವೀರಗಲ್ಲಿನ ಸಾಮಾನ್ಯ ಕ್ರಮ ಮೂರು ಅಂಕಣದ್ದು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಕನ್ನಡ ನಾಡಿನ ಬಹುಪಾಲು ವೀರಗಲ್ಲುಗಳಲ್ಲಿ ಕಾದುವವನ ತಲೆಗೆ ಶಿರಸ್ತ್ರಾಣವಿಲ್ಲ, ಬಿಗಿದು ಕಟ್ಟಿದ ತುರುಬಿದೆ. ಮುಂದೆ ವಿಜಯನಗರದ ಕಾಲಕ್ಕೆ ಚಿತ್ರ ಬದಲಾಗುತ್ತದೆ. ಪರ್ಶಿಯಾದ ಕಡೆಯಿಂದ ಬಂದ ‘ಕುಲ್ಲಾಯಿ’ ಎಂಬ ಎತ್ತರದ ಟೊಪ್ಪಿಗೆ ಅರಸರ, ಅಧಿಕಾರಿಗಳ ತಲೆಗೇರಿತು. ಲೇಪಾಕ್ಷಿಯ ಛಾವಣಿಯ ಚಿತ್ರಗಳಲ್ಲಿ ಅದನ್ನು ಸಾಲುಸಾಲಾಗಿ ನೋಡಬಹುದು. ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅರಸನ ಜರತಾರಿ ಟೊಪ್ಪಿಗೆಯನ್ನು ತನ್ನ ಕಡೆಯ ಗಲಿಸಿಯಾ ಸೀಮೆಯ ಶಿರಸ್ತ್ರಾಣಕ್ಕೆ ಹೋಲಿಸಿದ್ದಾನೆ. ಅಲ್ಲಿಗೆ, ಸೈನಿಕನ ಉಕ್ಕಿನ ಆಕಾರ ಅರಸನ ರೇಷ್ಮೆಯಲ್ಲಿ ಪರದೇಶಿಯ ಕಣ್ಣಿಗೆ ಕಂಡಿತ್ತು.

ನೋಡಿ ತೆಗೆಯುವ ವಿದ್ಯೆಯೂ ಇಲ್ಲಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಚಿತ್ರದ ಪ್ರಕರಣವಿದೆ. ಇಂದಿನ ಲಕ್ಷ್ಮೇಶ್ವರ, ಅಂದಿನ ಪುಲಿಗೆರೆ, ಅವನ ರಾಜ್ಯದೊಳಗಿನ ಊರು. ಕನ್ನಡಿಯಲ್ಲಿ ಕಂಡಂತೆ ಇದ್ದದ್ದನ್ನು ಇದ್ದ ಹಾಗೆ ತೆಗೆದ ಚಿತ್ರಕ್ಕೆ ಅವನು ವಿದ್ಧಚಿತ್ರ ಎನ್ನುತ್ತಾನೆ. ಕಾಡಿಗೆಗೆ ಅನ್ನದ ಗಂಜಿ ಕಲಸಿ, ಬತ್ತಿ ಹೊಸೆದು ಮಾಡುವ ಗೆರೆಕಡ್ಡಿಯ ವಿಧಾನವನ್ನೂ ಹೇಳುತ್ತಾನೆ. ಇಂದಿನ 6ಬಿಯ ಅಜ್ಜ ಅದು. ಇನ್ನೂ ಹಳೆಯದಾದ ವಿಷ್ಣುಧರ್ಮೋತ್ತರದ ಚಿತ್ರಸೂತ್ರ ಒಳ್ಳೆಯ ಚಿತ್ರಕಾರನಿಗೆ ಎರಡು ಪರೀಕ್ಷೆ ಒಡ್ಡುತ್ತದೆ. ಮಲಗಿದವನಿಗೂ ಸತ್ತವನಿಗೂ ಇರುವ ಭೇದವನ್ನು ತೋರಿಸಬೇಕು. ತಗ್ಗನ್ನೂ ಉಬ್ಬನ್ನೂ ಬೇರೆಮಾಡಿ ಕಾಣಿಸಬೇಕು. ಟೊಪ್ಪಿಗೆಯಲ್ಲಿ ಇವೆರಡೂ ಪರೀಕ್ಷೆ ಕೂಡಿ ಬರುತ್ತವೆ.

ಹೊರದೇಶದ ಕಲಾವಿದರೂ ಇದೇ ಪರೀಕ್ಷೆಗೆ ಕೂತವರು. ಬರ್ಲಿನ್ನಿನ ಸಂಗ್ರಹದಲ್ಲಿ ‘ಹೊನ್ನ ಶಿರಸ್ತ್ರಾಣದ ಮನುಷ್ಯ’ ಎಂಬ ಸುಮಾರು 1650ರ ಚಿತ್ರವಿದೆ. ಮುದುಕನ ಮುಖ ನೆರಳಿನಲ್ಲಿ ಅಡಗಿದೆ. ಬೆಳಕೆಲ್ಲ ಶಿರಸ್ತ್ರಾಣದ ಮೇಲೆ, ಬಣ್ಣವನ್ನು ಗಾರೆಯಂತೆ ದಪ್ಪವಾಗಿ ಮೆತ್ತಿ ಚಿನ್ನದ ಉಬ್ಬುಗೆಲಸ ಎಬ್ಬಿಸಿದ್ದಾರೆ. ಭಾವಚಿತ್ರ ಎಂದು ಕರೆದರೂ ಅದು ಅರ್ಧಕ್ಕಿಂತ ಹೆಚ್ಚು ವಸ್ತುಚಿತ್ರ. ದಶಕಗಳ ಕಾಲ ರೆಂಬ್ರಾಂಟನದೆಂದು ಜನ ಸಾಲುಗಟ್ಟಿ ನೋಡಿದ ಆ ಚಿತ್ರ ಅವನದಲ್ಲ, ಅವನ ಬಳಗದ ಬೇರೊಬ್ಬನದು ಎಂದು 1985ರಲ್ಲಿ ತಜ್ಞರು ತೀರ್ಮಾನಿಸಿದರು. ಶಿರಸ್ತ್ರಾಣದ ಹೊಳಪೇನೂ ಅದರಿಂದ ಕುಂದಲಿಲ್ಲ. ಅಮೆರಿಕದ ಮಾರ್ಸ್‌ಡನ್ ಹಾರ್ಟ್ಲಿ 1914ರಲ್ಲಿ, ಯುದ್ಧದಲ್ಲಿ ಮಡಿದ ಗೆಳೆಯನಿಗಾಗಿ ‘ಜರ್ಮನ್ ಅಧಿಕಾರಿಯ ಭಾವಚಿತ್ರ’ ಬರೆದ. ಅದರಲ್ಲಿ ಮುಖವೇ ಇಲ್ಲ. ಪದಕ, ಬಾವುಟ, ಹೆಸರಿನ ಮೊದಲಕ್ಷರಗಳು, ಸತ್ತಾಗಿನ ವಯಸ್ಸು 24, ಇಂಥವೇ ಇವೆ.

ಭಾರತದಲ್ಲಿ ಎಲ್ಲರಿಗೂ ಗೊತ್ತಿರುವ ಸ್ಥಿರಚಿತ್ರವೊಂದು ಹಾಳೆಯ ಮೇಲೆ ಇರಲಿಲ್ಲ, ಕಪ್ಪು ಅಮೃತಶಿಲೆಯ ಪೀಠದ ಮೇಲಿತ್ತು. 1971ರ ಯುದ್ಧದಲ್ಲಿ ಮಡಿದವರ ನೆನಪಿಗೆ 1972ರ ಜನವರಿ 26ರಂದು ದಿಲ್ಲಿಯ ಇಂಡಿಯಾ ಗೇಟಿನ ಕೆಳಗೆ ಅಮರ್ ಜವಾನ್ ಜ್ಯೋತಿ ಹೊತ್ತಿತು. ತಲೆಕೆಳಗಾಗಿ ನಿಲ್ಲಿಸಿದ ಬಂದೂಕು, ಅದರ ತುದಿಗೆ ಒಂದು ಶಿರಸ್ತ್ರಾಣ. ಎರಡೇ ವಸ್ತು. 2022ರಲ್ಲಿ ಆ ಬಂದೂಕನ್ನೂ ಶಿರಸ್ತ್ರಾಣವನ್ನೂ ಹತ್ತಿರದ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಒಯ್ದರು. ಅಷ್ಟರಲ್ಲಿ ಅದರ ನಕಲು ನಾಡಿನ ಎಷ್ಟೋ ಊರುಗಳ ಸ್ಮಾರಕಗಳಲ್ಲಿ ಸಿಮೆಂಟು, ಕಲ್ಲು, ಕಂಚಿನಲ್ಲಿ ನಿಂತಿತ್ತು. ಆಗಸ್ಟ್ 15ಕ್ಕೆ ಶಾಲೆಯ ಹುಡುಗರು ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ತೆಗೆಯುವುದೂ ಅದನ್ನೇ. ಬಹಳ ಹುಡುಗರು ಶಿರಸ್ತ್ರಾಣವನ್ನು ಬಂದೂಕಿನ ಮೇಲೆ ತೇಲಿಸಿಬಿಡುತ್ತಾರೆ, ಅದು ಕೂರುವುದಿಲ್ಲ. ಬಂದೂಕಿನ ಹಿಡಿ ಒಳಗೆ ಎಲ್ಲಿಯವರೆಗೆ ಹೋಗಿದೆ ಎಂದು ಯೋಚಿಸದೆ ಹೊರಗಿನ ಗೆರೆ ಮಾತ್ರ ತೆಗೆದರೆ ಹಾಗಾಗುತ್ತದೆ.

ಈಗ ಮತ್ತೆ ಕೇಳುಗರ ಎದುರಿಗಿನ ಬೋಗುಣಿ. ಅದನ್ನು ಮೇಲ್ಮುಖ ಮಾಡಿ ಇಡಲಿ; ಪಕ್ಕದ ಬೆರೆಟನ್ನೂ ಹಾಗೆಯೇ ಅಂಗಾತ ಇಡಲಿ. ಹೊರಗಿನ ಪಾಠ ಮುಗಿಯಿತು, ಒಳಗಿನದು ಉಳಿದಿದೆ. ಬೋಗುಣಿಯ ಒಳಗೆ ಕಿಟಕಿಯ ಬೆಳಕು, ನೋಡುವವರ ಮುಖ, ಮಾಳಿಗೆಯ ತೊಲೆ ಎಲ್ಲ ಬಾಗಿ ಕಾಣುತ್ತವೆ. ಬೆರೆಟಿನ ಒಳಗೆ ಹಾಗೆ ಏನೂ ಕಾಣುವುದಿಲ್ಲ. ಅಲ್ಲಿ ಕಪ್ಪು ಅಸ್ತರಿಯಿದೆ, ಬಿಲ್ಲೆಯ ಹಿಂಬದಿಯ ಪಿನ್ನಿದೆ, ಚರ್ಮದ ಪಟ್ಟಿಯ ಹೊಲಿಗೆಯಿದೆ. ಪಟ್ಟಿಯ ಮೇಲೆ, ಹಣೆ ತಾಗುವ ಕಡೆ, ಬೆವರು ಒಣಗಿ ಕೂತ ಒಂದು ಕಲೆ ಇದೆ. ಹಳೆಯ ಟೊಪ್ಪಿಗೆಯಾದರೆ ಅಂಗೈಯಷ್ಟು ಉದ್ದ. ಇಡೀ ಚಿತ್ರದಲ್ಲಿ ಅತಿ ಗಾಢವಾದ ಜಾಗ ಅದು. 2ಬಿ ಅಲ್ಲಿಗೆ ಸಾಲದು. 6ಬಿ ಪೆನ್ಸಿಲನ್ನು ಹೆರೆದು ಇಟ್ಟುಕೊಳ್ಳಬೇಕು.